ಒಂದಕ್ಷರ ತಪ್ಪಿದ ವಿಳಾಸ

“ಗುರುಗಳೇ, ಮಾಡಿದ ಕೆಲಸಕ್ಕೆ ಹೆಮ್ಮೆ ಪಡುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ವಿದ್ಯಾಲಯದ ಇಪ್ಪತ್ತು ವರ್ಷ ಹಳೆಯ ಜಾಲತಾಣವನ್ನು ಅವನು ಹೊಸ ವ್ಯವಸ್ಥೆಗೆ ಸಾಗಿಸಿ ಮುಗಿಸಿದ್ದ. ಮೊದಲು ಒಂದು ಸಾಲು ಬದಲಿಸಬೇಕಾದರೂ ಕೋಡ್ ಬಲ್ಲವರಿಗಾಗಿ ಕಾಯಬೇಕಿತ್ತು. ಈಗ ಅಡುಗೆಮನೆಯವರೂ ಊಟದ ಹೊತ್ತನ್ನು ತಾವೇ ತಿದ್ದಬಹುದಿತ್ತು. ಹಳೆಯ ತಪ್ಪು ಒಂದನ್ನೂ ಉಳಿಸಿಲ್ಲ, ಪುಟಗಳ ವಿಳಾಸಗಳನ್ನು ಕೂಡ ಅಳಿಸಿ ಚೊಕ್ಕಟವಾಗಿ ಹೊಸದಿಟ್ಟಿದ್ದೇನೆ ಎಂದು ಅವನು ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದ. ಅಹಂಕಾರ ಒಳ್ಳೆಯದಲ್ಲ ಎಂದು ಹಿರಿಯರೊಬ್ಬರು ಅಂದಿದ್ದರು. ಆ ಮಾತು ಚುಚ್ಚಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಪೇಟಿ ರಿಪೇರಿಗಾರನಿದ್ದ. ಆ ಸೀಮೆಯಲ್ಲಿ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಅವನಿಗೂ ಒಂದು ಜಾಲತಾಣವಿತ್ತು. ಚಂದವಿತ್ತೆಂದು ಹೇಳಲಾಗದು. ನೀಲಿಯ ಮೇಲೆ ಹಳದಿ ಅಕ್ಷರ, ನೆತ್ತಿಯ ಮೇಲೊಂದು ಓಡುವ ಸಾಲು. ಆದರೆ ಅವನ ಕೈಗೆ ಬಂದ ಪ್ರತಿಯೊಂದು ಪೇಟಿಗೂ ಅಲ್ಲಿ ಒಂದು ಪುಟವಿತ್ತು. ಯಾವ ಸ್ವರದ ರೀಡು ಬದಲಿಸಿದೆ, ತಿದಿಗೆ ಎಲ್ಲಿ ತೇಪೆ ಹಾಕಿದೆ, ಮುಂದೆ ಕೆಟ್ಟರೆ ಎಲ್ಲಿ ಕೆಡುತ್ತದೆ, ಎಲ್ಲವನ್ನೂ ಅದರಲ್ಲಿ ಹಾಕಿಸುತ್ತಿದ್ದ. ಪೇಟಿ ಮರಳಿ ಕೊಡುವಾಗ ಆ ಪುಟದ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸುತ್ತಿದ್ದ. ನಾನಿರಲಿ ಬಿಡಲಿ, ಮುಚ್ಚಳ ತೆಗೆದವರಿಗೆ ಪೇಟಿಯ ಜಾತಕ ಸಿಕ್ಕೇ ಸಿಗುತ್ತದೆ ಎನ್ನುತ್ತಿದ್ದ. ಅದು ಅವನು ಕೊಟ್ಟ ಮಾತು. ಸಾವಿರದ ನೂರ ನಲವತ್ತು ಮನೆಗಳಿಗೆ ಕೊಟ್ಟಿದ್ದ.

ಜಾಲತಾಣ ಕಟ್ಟಿ ನೋಡಿಕೊಳ್ಳುತ್ತಿದ್ದವನು ಆ ಕೆಲಸವನ್ನೇ ಬಿಟ್ಟು ಜೇನು ಸಾಕಲು ಹೋದ. ಅವನು ಹೋದ ಮೇಲೆ ಎರಡು ವರ್ಷ ಒಂದು ಪುಟವೂ ಸೇರಲಿಲ್ಲ. ಪೇಟಿಗಳು ಚೀಟಿಯಿಲ್ಲದೆ ಮನೆಗೆ ಹೋಗತೊಡಗಿದವು. ರಿಪೇರಿಗಾರನಿಗೆ ಅದನ್ನು ನೋಡಲಾಗಲಿಲ್ಲ. ಈ ಕೆಲಸ ಬಲ್ಲ ಒಬ್ಬ ಇಂಜಿನಿಯರ್ ಹೆಣ್ಣುಮಗಳನ್ನು ಪಟ್ಟಣದಿಂದ ಕರೆಸಿದ.

ಅವಳು ಎಲ್ಲವನ್ನೂ ಹೊಸ ವ್ಯವಸ್ಥೆಗೆ ತಂದಳು. ಕೆಲಸ ಅಚ್ಚುಕಟ್ಟಾಗಿತ್ತು. ಇನ್ನು ಮೇಲೆ ಪುಟವನ್ನು ಅವನೇ ಬರೆಯಬಹುದು, ಅವನೇ ತಿದ್ದಬಹುದು. ರಿಪೇರಿಗಾರ ಹಿಗ್ಗಿದ. ಕೊನೆಗೆ ಅವಳು ಇನ್ನೊಂದು ಸಂಗತಿ ಹೇಳಿದಳು. ಹಳೆಯ ವಿಳಾಸಗಳಲ್ಲಿ ಹಾರ್ಮೋನಿಯಂ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅವನು ಒಂದಕ್ಷರ ನುಂಗಿದ್ದ. ಪ್ರತಿಯೊಂದರಲ್ಲೂ ನುಂಗಿದ್ದ. ಅದನ್ನು ತಿದ್ದಿ ಹೊಸ ವಿಳಾಸ ಕೊಟ್ಟಿದ್ದೇನೆ ಎಂದಳು. ಹಳೆಯದನ್ನು ಒತ್ತಿದರೆ ಏನು ಕಾಣುತ್ತದೆ ಎಂದು ಅವನು ಕೇಳಿದ. ಪುಟ ಸಿಗಲಿಲ್ಲ ಎಂದು ಕಾಣುತ್ತದೆ ಎಂದಳು.

ರಿಪೇರಿಗಾರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ತಪ್ಪು ನಂದೇ ಐತಿ ತಂಗಿ. ಆದ್ರ ಅದು ಸಾವಿರದ ನೂರಾ ನಲವತ್ತು ಪೇಟ್ಯಾಗ ಅಂಟೇತಿ. ಇನ್ನ ಅದೇ ಸರಿ.”

“ಮಾಸ್ತರ್ರ, ಈ ಕಾಲದಾಗ ಮುಚ್ಚಳ ತಗದು ಚೀಟಿ ಓದಾವ್ರು ಯಾರದಾರ್ರಿ? ಜಿರಳಿ ಓದಬೇಕಷ್ಟ.”

“ಜಿರಳಿ ಓದಿದ್ರೂ ಪುಟ ಸಿಗಬೇಕು.”

ದಾರಿಯೇನೋ ಇತ್ತು. ಮನೆ ಬದಲಿಸಿದವರು ಹಳೆಯ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ ಬಂದಂತೆ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳಿಸಿಕೊಡಬಹುದಿತ್ತು. ಆದರೆ ಅವನ ವಿಳಾಸಗಳಿಗೆ ಕ್ರಮವೆಂಬುದೇ ಇರಲಿಲ್ಲ. ಕೆಲವು ಪೇಟಿಗೆ ಸಂಖ್ಯೆ, ಕೆಲವಕ್ಕೆ ಒಡೆಯರ ಅಡ್ಡಹೆಸರು, ಏಳು ಎಂಬ ಸಂಖ್ಯೆಯನ್ನೇ ಮೂರು ಬಗೆಯಲ್ಲಿ ಬರೆದಿದ್ದ. ಯಂತ್ರ ಅದನ್ನು ಊಹಿಸಲಾರದು. ಒಂದೊಂದನ್ನೂ ಕೈಯಿಂದಲೇ ಜೋಡಿಸಬೇಕು.

ಇಬ್ಬರೂ ಹನ್ನೆರಡು ದಿನ ಕುಳಿತರು. ಅವನು ಹಳೆಯದನ್ನು ಓದಿದ, ಅವಳು ಹೊಸದಕ್ಕೆ ಜೋಡಿಸಿದಳು. ಎರಡನೆಯ ದಿನ ಅವಳು ಗೊಣಗುವುದನ್ನು ಬಿಟ್ಟಳು. ಐದನೆಯ ದಿನ, ಅವನು ಓದದೆ ದಾಟಿದ ಒಂದು ಪೇಟಿಯನ್ನು ಅವಳೇ ನೆನಪಿಸಿದಳು.

ಹೊಸ ಜಾಲತಾಣ ತೆರೆಯಿತು. ಜನ ಬಣ್ಣವನ್ನು ಹೊಗಳಿದರು, ಅವನ ಫೋಟೊವನ್ನು ಹೊಗಳಿದರು. ಆ ಹನ್ನೆರಡು ದಿನಗಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಸರಿಯಾಗಿ ಜೋಡಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ರಿಪೇರಿಗಾರ ಎದೆಯುಬ್ಬಿಸಿಕೊಂಡೇ ತಿರುಗಿದ. ಫೋಟೊ ಚೆನ್ನಾಗಿ ಬಂದದ್ದಕ್ಕೆ ಇಷ್ಟು ಜಂಬವೇ ಎಂದು ಜನ ನಕ್ಕರು.

ಕೆಲವು ತಿಂಗಳು ಕಳೆದವು. ದೂರದ ಬಂದರು ಊರಿನಲ್ಲಿ ಒಬ್ಬ ಶಿಕ್ಷಕಿಗೆ ತೀರಿಹೋದ ಸೋದರತ್ತೆಯ ಪೇಟಿ ಬಂತು. ಅದು ಉಸಿರೆತ್ತಲಿಲ್ಲ. ಇದು ಸತ್ತಿದೆ, ಒಲೆಗೆ ಹಾಕಿ ಎಂದು ಅಲ್ಲಿಯ ರಿಪೇರಿಯವರು ಹೇಳಿದರು. ಒಮ್ಮೆ ನೋಡೋಣವೆಂದು ಅವಳು ಮುಚ್ಚಳ ತೆಗೆದಳು. ಅಂಚನ್ನು ಹುಳ ತಿಂದ ಚೀಟಿ ಇತ್ತು. ಅದರಲ್ಲಿದ್ದ ವಿಳಾಸದಲ್ಲಿ ತಪ್ಪು ಕಂಡಿತು, ಆದರೂ ಇದ್ದುದನ್ನು ಇದ್ದಂತೆಯೇ ಫೋನಿನಲ್ಲಿ ಒತ್ತಿದಳು. ಪುಟ ತೆರೆಯಿತು. ಈ ಪೇಟಿಯ ತಿದಿಯ ಹಿಂದೆ ಗಾಳಿಗೊಂದು ಸಣ್ಣ ಕದವಿದೆ, ಅದು ಅಂಟಿಕೊಂಡರೆ ಪೇಟಿ ಸತ್ತಂತೆ ಕಾಣುತ್ತದೆ, ಸತ್ತಿಲ್ಲ, ಬಾಚಣಿಗೆಯ ಹಲ್ಲಿನಿಂದ ಮೆಲ್ಲಗೆ ಎತ್ತಿ ಎಂದು ಅಲ್ಲಿ ಬರೆದಿತ್ತು.

ಪುಟದ ಕೆಳಗೆ ಅವಳು ಬರೆದಳು: “ಅತ್ತೆಯ ಪೇಟಿ ಹಾಡಿತು. ವಂದನೆಗಳು. ನಿಮ್ಮ ವಿಳಾಸದಲ್ಲಿ ಒಂದಕ್ಷರ ತಪ್ಪಿದೆ, ತಿದ್ದಿಕೊಳ್ಳಿ.”

ಒಂದು ಸಾಲು ಸೇರಿಸಲು ಎರಡು ವರ್ಷ ಕಾದಿದ್ದ ರಿಪೇರಿಗಾರ ಆ ದಿನ ಯಾರನ್ನೂ ಕರೆಯಲಿಲ್ಲ. ತಾನೇ ಕುಳಿತು ಒಂದೇ ಬೆರಳಿನಿಂದ ಉತ್ತರ ಬರೆದ: “ತಿದ್ದುವುದಿಲ್ಲ, ತಾಯಿ.”

ಅದನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದ. ಹಾಲಿನವನಿಗೆ ಎರಡು ಸಲ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಹಾಗಾದರೆ ನಾನೂ ಹೆಮ್ಮೆ ಪಡಬಹುದು ಎಂದಾಯಿತು ಎಂದು ಅವನು ಎದ್ದು ನಿಂತ.

“ಧಾರಾಳವಾಗಿ ಪಡು,” ಎಂದರು ಗುರುಗಳು, “ಹಳೆಯ ಬಾಗಿಲಲ್ಲಿ ಯಾರನ್ನು ನಿಲ್ಲಿಸಿ ಬಂದೆ, ಅಷ್ಟು ಹೇಳಿ ಪಡು.”