ಪಾಳು ನೆಲದ ಕುರಿಗಳು

ಬಿಸಿಲಿನಿಂದ ವಿದ್ಯುತ್ ತೆಗೆಯುವವರಿಗೆ ಅಡ್ಡ ಬಂದವನು ಪರಿಸರದ ವೈರಿ ಎಂದು ಆಗ ಎಲ್ಲರೂ ನಂಬಿದ್ದರು. ಹಾಗೆ ನಂಬಲು ಯಾರಿಗೂ ಕಷ್ಟವಿರಲಿಲ್ಲ. ಪರಿಸರ ಕಾನೂನು ಕಲಿಸುತ್ತಿದ್ದ ಹಿರಿಯ ವಕೀಲರೊಬ್ಬರನ್ನು ಅವರ ಶಿಷ್ಯೆ ಕೇಳಿದಳು: "ಸರ್, ಸೌರ ಕಂಪನಿಯ ವಿರುದ್ಧ ವಕಾಲತ್ತು ಹಾಕಿದರೆ ನಾವು ಕಲ್ಲಿದ್ದಲಿನ ಹೊಗೆಯ ಪರ ನಿಂತಂತಾಗುವುದಿಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಅವನ ಹಟ್ಟಿಯ ಕುರಿಗಳೆಲ್ಲ ಮೇಯುತ್ತಿದ್ದುದು ಒಂದೇ ಬಯಲಿನಲ್ಲಿ. ಹಟ್ಟಿಯವರು ಅದನ್ನು ಕಾವಲು ಎನ್ನುತ್ತಿದ್ದರು, ಅಂದರೆ ಮೇವಿನ ನೆಲ. ಸೌರ ಫಲಕ ಹಾಕಲು ಬಂದ ಕಂಪನಿ ಅದನ್ನೇ ಪಾಳು ಎಂದಿತು. ಪಾಳು ನೆಲವನ್ನು ಸರ್ಕಾರ ಕಂಪನಿಗೆ ಕೊಡಬಹುದಿತ್ತು, ಕಾವಲನ್ನು ಕೊಡುವಂತಿರಲಿಲ್ಲ. ವ್ಯಾಜ್ಯ ನಿಂತದ್ದು ಈ ಒಂದು ಪದದ ಮೇಲೆ. ಸೋತರೆ ಕುರಿಗಾಹಿ ಮಂದೆಯನ್ನು ಮಾರಿ ಯಾರದೋ ಕಟ್ಟಡಕ್ಕೆ ಇಟ್ಟಿಗೆ ಹೊರಬೇಕಿತ್ತು.

ಕಂಪನಿ ದೊಡ್ಡ ವಕೀಲರನ್ನೇ ತಂದಿತು. ಕೇಳಬಹುದಾದ ಯಾವುದನ್ನೂ ಕೇಳದೆ ಬಿಡುವ ಜಾಯಮಾನ ಅವರದಲ್ಲ.

"ಸ್ವಾಮಿ, ಆ ನೆಲದಲ್ಲಿ ಒಂದು ಎಸಳು ಹುಲ್ಲೂ ಹುಟ್ಟುವುದಿಲ್ಲ. ಪಾಳು ಎಂದು ಘೋಷಿಸಬೇಕು" ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಗೆಲ್ಲುತ್ತಿದ್ದರೇನೋ. ನೀರು ಕುಡಿದು ಮುಂದುವರಿಸಿದರು: "ಇನ್ನೊಂದು ಮನವಿ. ಈತನ ಕುರಿಗಳು ದಿನಾ ಅಲ್ಲಿಗೆ ಮೇಯಲು ನುಗ್ಗುತ್ತಿವೆ. ಅದಕ್ಕೊಂದು ತಡೆಯಾಜ್ಞೆ ಬೇಕು."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಅಲ್ಲಿ ಅವು ಏನನ್ನು ಮೇಯುತ್ತವೆ ವಕೀಲರೇ?"

ವಕೀಲರು ಕಕ್ಷಿದಾರನ ಕಡೆ ನೋಡಿದರು. ಕಕ್ಷಿದಾರ ಫ್ಯಾನಿನ ಕಡೆ ನೋಡಿದ.

ಹಿಂದೆ ನಿಂತಿದ್ದ ಕುರಿಗಾಹಿ ಹೇಳಿದ: "ಬರೀ ಮಣ್ಣು ತಿಂದೇ ಇಷ್ಟು ಮೈ ತುಂಬ್ಕೊಂಡಿದಾವೆ ಬುದ್ಧಿ."

ಕೋರ್ಟಿಗೆ ಕೋರ್ಟೇ ನಕ್ಕಿತು. ಕಾವಲು ಕುರಿಗಳಿಗೇ ಉಳಿಯಿತು. ಮರುದಿನ ಹಟ್ಟಿಯವರು ಡೊಳ್ಳು ಬಾರಿಸುತ್ತ ಮಂದೆಯನ್ನು ಹೊಡೆದುಕೊಂಡು ಹೋದರು. ಕುರಿಗಾಹಿ ಎಲ್ಲರಿಗಿಂತ ಮುಂದಿದ್ದ. ಆ ಶಬ್ದಕ್ಕೆ ಕುರಿಗಳು ಬೆದರಿದವು, ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಶಿಷ್ಯೆಗೆ ಸಮಾಧಾನವಾಗಲಿಲ್ಲ. "ಕುರಿಗಾಹಿ ಗೆದ್ದ, ಸರಿ. ವಿದ್ಯುತ್ ಹೋಯಿತಲ್ಲ ಸರ್?"

"ಹೋಗಲಿಲ್ಲ. ಕಂಪನಿ ಫಲಕಗಳನ್ನು ಪಕ್ಕದಲ್ಲಿ ಪಾಳುಬಿದ್ದಿದ್ದ ಕಲ್ಲುಗಣಿಯಲ್ಲಿ ಹಾಕಿತು."

ಶಿಷ್ಯೆ ಇನ್ನೇನೋ ಕೇಳಲು ಬಾಯಿ ತೆರೆದಳು.

ಗುರುಗಳು ಹೇಳಿದರು: "ಬಿಸಿಲು ಅಲ್ಲೂ ಬೀಳುತ್ತದೆ."