ನೇಕಾರನ ಸೋಮವಾರ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಪೇಟೆಯಲ್ಲಿರುವ ನನ್ನ ಸೋದರಮಾವ ಅಂಗಡಿ ನೋಡಿಕೊಳ್ಳಲು ಕರೆದಿದ್ದಾರೆ. ಉಡಲು, ಉಣ್ಣಲು ಯಾವುದಕ್ಕೂ ಕೊರತೆ ಇರುವುದಿಲ್ಲವಂತೆ. ಆದರೆ ಇಲ್ಲಿರುವ ಬಿಡುವು ಅಲ್ಲಿ ಸಿಗುವುದಿಲ್ಲ. ಬಿಡುವನ್ನು ಕೊಟ್ಟು ಅನುಕೂಲವನ್ನು ಪಡೆಯುವುದು ಲಾಭವೋ, ನಷ್ಟವೋ?"

ಗುರುಗಳು ನಕ್ಕರು. "ಲಾಭ ನಷ್ಟ ಎನ್ನುತ್ತಿದ್ದೀಯೆ. ಅಂಗಡಿಗೆ ಅರ್ಧ ದಾರಿ ಆಗಲೇ ಹೋಗಿದ್ದೀಯೆ, ಬಿಡು," ಎಂದು ಈ ಕತೆ ಹೇಳಿದರು.

ನಾನು ಹುಟ್ಟಿದ ಓಣಿಯಲ್ಲಿ ಒಬ್ಬ ನೇಕಾರನಿದ್ದ. ದೀಪ ಹಚ್ಚುವ ಹೊತ್ತಿಗೆ ಅವನ ಮಗ್ಗ ನಿಲ್ಲುತ್ತಿತ್ತು. ಕೈಕಾಲು ತೊಳೆದು, ಏಕತಾರಿ ಹಿಡಿದು, ಮನೆಯ ಮುಂದಿನ ಕಟ್ಟೆಗೆ ಬಂದು ಕೂಡುತ್ತಿದ್ದ. ಅವನು ಹಾಡುತ್ತಿದ್ದ, ಓಣಿಯವರು ದನಿಗೂಡಿಸುತ್ತಿದ್ದರು. ಅಂಥ ಸಂಜೆಗಳನ್ನು ನಾನು ಮತ್ತೆ ಕಾಣಲಿಲ್ಲ.

ಸಂಜೆಗಳು ಅವನಿಗೆ ಬೇಕಾದಷ್ಟಿದ್ದವು. ಜೋಳ ಮಾತ್ರ ಇರಲಿಲ್ಲ. ತಿಂಗಳ ಕೊನೆಗೆ ಹೆಂಡತಿ ಗಡಿಗೆಯ ತಳ ಕೆರೆಯುತ್ತಿದ್ದಳು.

ಅದೇ ಓಣಿಯಲ್ಲಿ ಅವನ ಜೊತೆಗೇ ಬೆಳೆದ ಗೆಳೆಯನೊಬ್ಬ ಪೇಟೆಗೆ ಹೋಗಿ ಬಟ್ಟೆ ವ್ಯಾಪಾರಿಯಾಗಿದ್ದ. ಗೇಣು ಬಟ್ಟೆಗೂ ಚೌಕಾಸಿ ಮಾಡುವ ಆಸಾಮಿ. ಅವನು ಒಂದು ದಿನ ಬಂದು, ವಾರದಲ್ಲಿ ಒಂದು ಸಂಜೆ ಮಗ್ಗ ನಿಲ್ಲಿಸದೆ ತನಗಾಗಿ ನೇಯ್ದರೆ ತಿಂಗಳಿಗೊಂದು ಚೀಲ ಜೋಳ ಕಳಿಸುವುದಾಗಿ ಹೇಳಿದ. ನೇಕಾರ ಹಿಂದೆ ಮುಂದೆ ನೋಡದೆ ಒಪ್ಪಿದ. ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ರೊಟ್ಟಿ ಉಂಡರು. ಹೋದ ಸಂಜೆ ಯಾರ ನೆನಪಿಗೂ ಬರಲಿಲ್ಲ.

ವ್ಯಾಪಾರಿ ಮತ್ತೆ ಬಂದು ಇನ್ನೊಂದು ಸಂಜೆ ಕೇಳಿದ. ಈ ಸಲ ನೇಕಾರ ಯೋಚಿಸಿದ. ಕೊಟ್ಟರೆ ಇನ್ನೊಂದು ಚೀಲ, ಕೊಡದಿದ್ದರೆ ಇನ್ನೊಂದು ಹಾಡು. ಎರಡೂ ಒಂದೇ ಅನ್ನಿಸಿತು. ಕೊಟ್ಟ. ಹೀಗೇ ಮತ್ತೊಂದು, ಮಗದೊಂದು. ಕೊಡುವಾಗ ನೇಕಾರ ಪ್ರತಿ ಸಲವೂ ಸ್ವಲ್ಪ ಹೆಚ್ಚು ಜೋಳ ಕೇಳಿದ. ಆದರೂ ಪ್ರತಿ ಸಲವೂ ಮನಸ್ಸು ಮೊದಲಿಗಿಂತ ಭಾರವಾಯಿತು.

ಕೊನೆಗೆ ಸೋಮವಾರದ ಸಂಜೆಯೊಂದೇ ಉಳಿಯಿತು. ಅದನ್ನೂ ಕೇಳಲು ವ್ಯಾಪಾರಿ ಬಂದ. ನೇಕಾರ ಎಷ್ಟು ಕೊಟ್ಟರೂ ಒಲ್ಲೆನೆಂದ.

"ಅದ ಮಗ್ಗ, ಅದ ಕೈ, ಅದ ಸಂಜಿ. ಮೊದಲನೇದು ಒಂದು ಚೀಲಕ್ಕ ಕೊಟ್ಟಿ. ಇದಕ್ಕ ಏನ್ ಕೋಡು ಬಂದಾವೇನು?" ಎಂದು ವ್ಯಾಪಾರಿ ರೇಗಿದ.

ನೇಕಾರನ ಹೆಂಡತಿ ಬಾಗಿಲಿಗೆ ಬಂದಳು. "ಆವಾಗ ಮನ್ಯಾಗ ಜ್ವಾಳ ಇರಲಿಲ್ಲರೀ ಅಣ್ಣಾರ. ಈಗ ಚೀಲಕ್ಕ ಹುಳ ಬಿದ್ದಾವು. ಹಾಡ ಕೇಳಿ ಮಾತ್ರ ಎಂಟ ದಿನ ಆತು," ಎಂದಳು.

ವ್ಯಾಪಾರಿ ಜಗ್ಗಲಿಲ್ಲ. "ನಿನ್ನ ಬೆಲಿ ನೀನ ಹೇಳು," ಎಂದು ಅಲ್ಲೇ ಕೂತ. ಇವನನ್ನು ಸಾಗಹಾಕಿದರೆ ಸಾಕೆಂದು ನೇಕಾರ ಬಾಯಿಗೆ ಬಂದದ್ದನ್ನು ಹೇಳಿದ: "ನಿನ್ನ ಎತ್ತು, ಗಾಡಿ ಎರಡೂ ಕೊಡು." ಆ ಎತ್ತುಗಳೆಂದರೆ ವ್ಯಾಪಾರಿಗೆ ಪ್ರಾಣ. ಸುತ್ತಲಿನ ಊರುಗಳಲ್ಲಿ ಅಂಥ ಜೋಡಿ ಇರಲಿಲ್ಲ.

"ಆಗಲಿ. ನಾಳೆ ಬಂದು ಹೊಡಕೊಂಡು ಹೋಗು," ಎಂದ ವ್ಯಾಪಾರಿ. ಚೌಕಾಸಿಯ ಒಂದು ಮಾತೂ ಆಡಲಿಲ್ಲ.

ನೇಕಾರ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಇದ್ದೊಂದು ಸಂಜೆಯೂ ಹೋಯಿತೆಂದು ಅವನ ಕಣ್ಣು ತುಂಬಿದವು. "ಅಷ್ಟು ಅವಸರದ್ದು ಯಾವ ಸೀರಿ ನೇಯಬೇಕೋ?" ಎಂದು ಕೇಳಿದ.

ವ್ಯಾಪಾರಿ ತಲೆ ತಗ್ಗಿಸಿದ. "ಸೀರಿ ಬ್ಯಾಡ. ಅವತ್ತ ಮಗ್ಗ ನಿಲ್ಲಸು, ಹಾಡು. ನಾ ಬಂದು ನಿನ್ನ ಮಗ್ಗಲಿಗೆ ಕೂಡ್ತೀನಿ. ಸಣ್ಣವರಿದ್ದಾಗ ನೀ ಹಾಡಿದ್ರ ನಾ ತಾಳ ಹಾಕತಿದ್ದೆ, ನೆನಪೈತೇನು? ನನಗೂ ಸಂಜಿ ಇದ್ದವು. ಒಂದೊಂದ ಅಂಗಡಿಗೆ ಕೊಟ್ಟೆ. ಮೊದಲನೇದಕ್ಕ ಏನ್ ತಗೊಂಡಿದ್ನೋ ಕಡೀದಕ್ಕೂ ಅಷ್ಟ ತಗೊಂಡೆ. ಅದು ಕಡೀದು ಅಂತ ಗೊತ್ತ ಆಗಲಿಲ್ಲ."

ನೇಕಾರ ಅವನ ಬೆನ್ನಿಗೊಂದು ಗುದ್ದಿದ. "ಎತ್ತು ಕಟ್ಟಾಕ ನನ್ನ ಮನ್ಯಾಗ ಜಾಗಾ ಎಲ್ಲೈತಲೇ? ಸುಮ್ಮನ ಬಂದು ಕುಂದರು," ಎಂದ.

ಸೋಮವಾರ ವ್ಯಾಪಾರಿ ಬಂದ. ನೇಕಾರ ಸರಿದು ಜಾಗ ಕೊಟ್ಟು, ಅವನ ಕೈಗೆ ತಾಳ ಕೊಟ್ಟ. ಮೊದಲ ಹಾಡಿಗೆ ತಾಳ ತಪ್ಪಿತು. ಎರಡನೆಯದಕ್ಕೂ ತಪ್ಪಿತು. ಮೂರನೆಯದಕ್ಕೆ ಕೈಗೆ ಹಳೆಯದೆಲ್ಲ ನೆನಪಾಯಿತು. ಅವನು ಮಗುವಿನ ಹಾಗೆ ಅತ್ತ, ಅಳುತ್ತಲೇ ತಾಳ ಹಾಕಿದ. ಹಾಡು ಮುಗಿಯುವ ಮೊದಲೇ ಅಂಗಡಿಯಿಂದ ಆಳು ಕರೆಯಲು ಬಂದ. ವ್ಯಾಪಾರಿ ತಾಳವನ್ನು ಕಟ್ಟೆಯ ಮೇಲಿಟ್ಟು ಎದ್ದುಹೋದ.

ಮುಂದಿನ ಸೋಮವಾರ ಅವನಿಗೆ ಜಾಗ ಬಿಟ್ಟು ಕೂತಿದ್ದೆವು. ಅವನು ಬರಲಿಲ್ಲ. ನೇಕಾರ ಮಾತ್ರ ಎರಡು ಚೀಲ ಬೇಡವೆಂದು ಹೇಳಿ ಕಳಿಸಿ, ಎರಡು ಸಂಜೆಗಳನ್ನು ಹಿಂದಕ್ಕೆ ತೆಗೆದುಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ನೇಕಾರ ಜೋಳವನ್ನು ಮುಟ್ಟಲೇಬಾರದಿತ್ತೇ?"

"ಮೊದಲ ಚೀಲವನ್ನು ಬೈಯಬೇಡ. ಆ ಮನೆಯ ಮಕ್ಕಳು ಅದನ್ನು ಉಂಡು ಬೆಳೆದರು," ಎಂದರು ಗುರುಗಳು.

"ಅಂದರೆ ಸ್ವಲ್ಪ ಕೊಡಬಹುದು, ಎಲ್ಲವನ್ನೂ ಕೊಡಬಾರದು. ನಾನು ಮಾವನಿಗೆ ಎಷ್ಟು ಸಂಜೆ ಕೊಡಲಿ? ನೀವೇ ಹೇಳಿ, ಗುರುಗಳೇ."

ಗುರುಗಳು ಅವನ ಮುಖ ನೋಡಿ ಕೇಳಿದರು: "ನಿನ್ನ ಹತ್ತಿರ ಎಷ್ಟು ಉಳಿದಿವೆ, ಮಗೂ?"