ಹಿತ್ತಾಳೆ ಡಬ್ಬಿ

ಇದು ನಡೆದದ್ದು ಒಂದು ಹೊಳೆದಂಡೆಯ ಆಶ್ರಮದಲ್ಲಿ. ಹೊಳೆಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹೋಗಿ ವಿಚಾರಿಸುತ್ತೀರಿ, ಅಲ್ಲಿಯವರು ಬೇರೆಯೇ ಕಥೆ ಹೇಳುತ್ತಾರೆ.

ಆಶ್ರಮದಲ್ಲಿ ಮರಿಬಸಪ್ಪ ಎಂಬ ಶಿಷ್ಯನಿದ್ದ. ವಯಸ್ಸು ನಲವತ್ತಾರು. ಇಪ್ಪತ್ತು ವರ್ಷದಿಂದ ದಿನಾ ಸಂಜೆ ಭಕ್ತರಿಗೆ ಪುರಾಣ ಓದುತ್ತಿದ್ದವನು ಅವನೇ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಧ್ವನಿ ಗಂಟೆಯಂಥದು. ಮನಸ್ಸು ಮಾತ್ರ ಬೆಕ್ಕಿನದು. ಎಲೆ ಅಲುಗಿದರೂ ತಿರುಗಿ ನೋಡುತ್ತಿತ್ತು.

ಒಂದು ಸಂಜೆ ಓದುತ್ತಾ ಓದುತ್ತಾ ನಿಂತುಬಿಟ್ಟ. ಅಕ್ಷರಗಳು ಒಂದಕ್ಕೊಂದು ಕಲಸಿಕೊಂಡಿದ್ದವು.

“ಯಾರೋ ಪುಸ್ತಕ ಬದಲಾಯಿಸಿದ್ದಾರೆ,” ಎಂದ.

ಪುಸ್ತಕ ಅದೇ ಇತ್ತು.

ತಿಂಗಳಿಗೊಮ್ಮೆ ಆಶ್ರಮಕ್ಕೆ ಬರುವ ಡಾಕ್ಟರಮ್ಮ ಫರೀದಾ ಅವನ ಬೆರಳು ಚುಚ್ಚಿ, ಪುಟ್ಟ ಯಂತ್ರದಲ್ಲಿ ನೋಡಿದರು. ಮುನ್ನೂರ ಹನ್ನೆರಡು.

“ಸಕ್ಕರೆ ಕಾಯಿಲೆ, ಮರಿಬಸಪ್ಪನವರೇ. ಪೇಟೆಗೆ ಹೋಗಿ ಕಣ್ಣು ತೋರಿಸಿಕೊಂಡು ಬನ್ನಿ. ಮೂರು ತಿಂಗಳಲ್ಲಿ ಇದು ಇಳೀಲೇಬೇಕು. ಹೀಗೇ ಬಿಟ್ಟರೆ ಪುರಾಣ ಓದೋ ಕಣ್ಣು ಉಳಿಯೋಲ್ಲ.”

“ಯಂತ್ರ ಕೆಟ್ಟಿದೆ.”

ಪಕ್ಕದಲ್ಲಿ ಕೂತಿದ್ದ ಆಶ್ರಮದ ಗುರುಗಳು ತಮ್ಮ ಬೆರಳು ಚಾಚಿದರು. ನೂರ ಹದಿನಾಲ್ಕು.

“ಬುದ್ಧಿ, ನೀವು ಮಧ್ಯಾಹ್ನ ಎರಡು ಒಬ್ಬಟ್ಟು ತಿಂದಿರಿ. ನಾನು ನೋಡಿದೀನಿ.”

“ನೀನು ನೋಡದೆ ಇರ್ತೀಯೇನೋ?”

ಡಾಕ್ಟರಮ್ಮ ನಕ್ಕು ಕೇಳಿದರು, “ರಾತ್ರಿ ನಿದ್ದೆ ಹೇಗೆ?”

“ಹೇಗೆ ಬರುತ್ತಮ್ಮ? ಕಣ್ಣು ಮುಚ್ಚಿದರೆ ಯಾರು ಎಲ್ಲಿ ಏನು ಮಾಡ್ತಿದ್ದಾರೋ ಅಂತ.”

“ಅದೂ ಒಂದು ಕಾರಣ. ಚಿಂತೆ ಹೆಚ್ಚಾಗಿ ನಿದ್ದೆ ಕೆಟ್ಟರೆ ಮೈಯಲ್ಲಿ ಕೆಲವು ಹಾರ್ಮೋನು ಏರ್ತವೆ. ನೀವು ಏನೂ ತಿನ್ನದೆ ಇದ್ದರೂ ಅವು ಸಕ್ಕರೆ ಏರಿಸ್ತವೆ.”

ಮರಿಬಸಪ್ಪ ಕಣ್ಣು ಕಿರಿದು ಮಾಡಿದ.

“ಅಂದರೆ ಒಳಗಿನವರೇ ಸೇರಿಕೊಂಡಿದ್ದಾರೆ ಅನ್ನಿ.”

ಡಾಕ್ಟರಮ್ಮ ಮಾತ್ರೆ ಕೊಟ್ಟರು. ಸಿಹಿ ಬಿಡಿ, ಅನ್ನ ಇಳಿಸಿ, ಊಟ ಆದ ಮೇಲೆ ನಡೆಯಿರಿ ಎಂದು ಹೇಳಿ ಹೋದರು.

ಪೇಟೆಯಲ್ಲಿ ಕಣ್ಣು ನೋಡಿದವರೂ ಸಕ್ಕರೆ ಇಳಿಸಿಕೊಂಡು ಬಾ ಎಂದೇ ಕಳಿಸಿದರು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದುಕೊಂಡ. ಮಾತ್ರೆಯನ್ನು ದಿನಾ ಮೂಸಿ ನೋಡಿ ನುಂಗಿದ. ಅಡುಗೆಯ ದೇವಾಜಮ್ಮ ಸಾರಿಗೆ ಬೆಲ್ಲ ಹಾಕುತ್ತಾಳೇನೋ ಎಂದು ಒಲೆಯ ಮುಂದೆ ಕೂತು ಕಾದ. ನಡೆಯುವುದೊಂದನ್ನು ಮಾತ್ರ ಒಪ್ಪಲಿಲ್ಲ.

“ಬಾರೋ, ಹೊಳೆವರೆಗೆ ಹೋಗಿ ಬರೋಣ,” ಗುರುಗಳು ಕರೆದರು.

“ನೀವು ಹೋಗಿ ಬುದ್ಧಿ. ಕಾಲಿಗೂ ಕಣ್ಣಿಗೂ ಏನು ಸಂಬಂಧ? ನನ್ನನ್ನ ಹೊರಗೆ ಕಳಿಸಿ ಇಲ್ಲಿ ಏನೋ ಮಾಡಬೇಕು ಅಂತಿದ್ದೀರಿ.”

ಚಾಪೆ ಹಾಸಿಕೊಂಡು ಬಾಗಿಲಿಗೆ ಅಡ್ಡವಾಗಿ ಮಲಗಿದ.

ಗುರುಗಳು ಅವನನ್ನೇ ಸ್ವಲ್ಪ ಹೊತ್ತು ನೋಡಿದರು.

ಮಾರನೆಯ ದಿನ ಊಟ ಮುಗಿಯಿತು. ಮರಿಬಸಪ್ಪ ಅರೆಗಣ್ಣು ಮುಚ್ಚಿದ್ದ. ಗುರುಗಳು ತುದಿಗಾಲಲ್ಲಿ ಅವನನ್ನು ದಾಟಿದರು. ಶಲ್ಯದೊಳಗೆ ಒಂದು ಹಿತ್ತಾಳೆ ಡಬ್ಬಿ. ಅದು ಗಲಗಲ ಎಂದಿತು.

ಕಲ್ಲುಸಕ್ಕರೆ!

ಮರಿಬಸಪ್ಪ ಎದ್ದು ಕೂತ. ತನಗೆ ಚಿಟಿಕೆ ಬೆಲ್ಲವಿಲ್ಲ, ಇವರಿಗೆ ಡಬ್ಬಿಗಟ್ಟಲೆಯೋ?

ಹಿಂದೆ ಹೋದ. ಗುರುಗಳು ಹೊಳೆಯ ಮೆಟ್ಟಿಲ ಹತ್ತಿರ ಬೆನ್ನು ತಿರುಗಿಸಿ ನಿಂತರು. ದವಡೆ ಆಡಿತು. “ಆಹಾ,” ಎಂದರು. ಮೀಸೆ ಒರೆಸಿಕೊಂಡು ತಿರುಗಿದರು.

ಮರಿಬಸಪ್ಪ ಹೊಂಗೆ ಮರದ ಹಿಂದೆ ಅಡಗಿದ. ಮರ ಸಣ್ಣದು, ಹೊಟ್ಟೆ ದೊಡ್ಡದು.

ಗುರುಗಳು ಹೊಟ್ಟೆಯ ಕಡೆ ನೋಡಲೇ ಇಲ್ಲ.

“ಎಲ್ಲಿಗೆ ಹೋಗಿದ್ದಿರಿ ಬುದ್ಧಿ?” ಸಂಜೆ ಕೇಳಿದ.

“ಇಲ್ಲೇ.”

“ಏನು ತಿಂದಿರಿ?”

“ನೀನು ಏನು ನೋಡಿದೆ?”

ಮರಿಬಸಪ್ಪನಿಗೆ ಖಾತ್ರಿಯಾಯಿತು. ಏನೂ ಇಲ್ಲದವರು ಹೀಗೆ ಮಾತಾಡುವುದಿಲ್ಲ. ಕೈಯಲ್ಲಿ ಹಿಡಿದು ತೋರಿಸಬೇಕು, ಎಲ್ಲರ ಮುಂದೆ.

ಎರಡನೆಯ ವಾರ ಗುರುಗಳು ಮೆಟ್ಟಿಲ ಹತ್ತಿರ ನಿಲ್ಲಲಿಲ್ಲ. ಮಾವಿನ ತೋಪಿನವರೆಗೆ ಹೋದರು. ಮೂರನೆಯ ವಾರ ತೋಪು ದಾಟಿ ಹಾಳು ಮಂಟಪಕ್ಕೆ. ಮಂಟಪದ ಗೋಡೆಯ ಆಚೆ ಮರೆಯಾಗುತ್ತಿದ್ದರು. ಮರಿಬಸಪ್ಪ ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಡಬ್ಬಿ ಮುಚ್ಚಿ, ಮೀಸೆ ಒರೆಸಿ, ಹೊಳೆ ನೋಡುತ್ತಾ ಕೂತಿರುತ್ತಿದ್ದರು.

“ಅರೆ, ನೀನೇನೋ ಇಲ್ಲಿ?”

“ಗಾಳಿಗೆ ಬಂದೆ ಬುದ್ಧಿ.”

“ಒಳ್ಳೇ ಗಾಳಿ.”

ತನ್ನ ಕಾಲು ನಿಧಾನವಾಯಿತು, ಅದಕ್ಕೇ ಇವರು ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಅವನಿಗೆ ಹೊಳೆಯಿತು. ಹೊಟ್ಟೆ ತುಂಬಿದ್ದರೆ ಓಡಲಾಗದು. ಅನ್ನವನ್ನು ಅರ್ಧಕ್ಕೆ ಇಳಿಸಿ, ಸೊಪ್ಪು ಬಡಿಸು ಎಂದ. ದೇವಾಜಮ್ಮ ಸೌಟು ಹಿಡಿದುಕೊಂಡೇ ನಿಂತಳು.

“ಏನು ಸ್ವಾಮಿ, ಮೈ ಹುಷಾರಿಲ್ಲವಾ?”

“ನಿನಗ್ಯಾಕೆ? ನಿನ್ನನ್ನ ಕೇಳು ಅಂತ ಯಾರು ಹೇಳಿದರು?”

ರಾತ್ರಿ ಮಲಗಿ ಗುರುಗಳ ಸಂಚನ್ನು ಎಳೆ ಎಳೆಯಾಗಿ ಬಿಡಿಸಬೇಕೆಂದುಕೊಳ್ಳುತ್ತಿದ್ದ. ಮೊದಲನೆಯ ಎಳೆ ಹಿಡಿಯುವ ಮುಂಚೆ ಬೆಳಗಾಗಿರುತ್ತಿತ್ತು. ಹಾಲಿಗೆ ಏನೋ ಬೆರೆಸುತ್ತಿದ್ದಾರೆ ಎಂದು ಹಾಲು ಬಿಟ್ಟ. ನಿದ್ದೆ ಆಗಲೂ ಬಂತು.

ನಡುವೆ ಎರಡು ಸಲ ಡಾಕ್ಟರಮ್ಮ ಬಂದರು. ಎರಡು ಸಲವೂ ಅವನು ಸಿಗಲಿಲ್ಲ. ಮಂಟಪದ ದಾರಿಯಲ್ಲಿದ್ದ. ಮಾತ್ರೆಯನ್ನು ದೇವಾಜಮ್ಮನ ಕೈಯಲ್ಲಿ ಕೊಟ್ಟು ಹೋದರು.

ಮೂರು ತಿಂಗಳು ತುಂಬಿದ ದಿನ ಡಾಕ್ಟರಮ್ಮ ಊಟದ ಹೊತ್ತಿಗೇ ಬಂದು ಕಾದು ಕೂತರು. ಮರಿಬಸಪ್ಪ ಗುರುಗಳ ಹಿಂದೆಯೇ ಬಂದ. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಬೆರಳು ಚುಚ್ಚಿದರು. ನೂರ ನಲವತ್ತೊಂದು. ಇನ್ನೊಂದು ಬೆರಳು ಚುಚ್ಚಿದರು. ನೂರ ಮೂವತ್ತೊಂಬತ್ತು.

“ಯಂತ್ರ ಕೆಟ್ಟಿದೆ,” ಎಂದ ಮರಿಬಸಪ್ಪ.

“ಇಲ್ಲ.”

“ಹಾಗಾದರೆ ಮಾತ್ರೆ ಬದಲಾಯಿಸಿದ್ದೀರಿ.” ಮಾತ್ರೆಯ ಪಟ್ಟಿ ಕಿತ್ತುಕೊಂಡು, ತಿರುಗಿಸಿ, ಹಿಂದಿನ ಇರುವೆಗಾತ್ರದ ಅಕ್ಷರಗಳನ್ನು ಪಟಪಟ ಓದಿದ. ತಯಾರಾದ ತಿಂಗಳು, ಕೆಡುವ ತಿಂಗಳು, ಬೆಲೆ.

ಓದಿ ಮುಗಿಸಿ ಪಟ್ಟಿಯನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ.

“ಕಾಣುತ್ತೆ,” ಎಂದ ಮೆಲ್ಲಗೆ. ಇನ್ನೊಂದು ಸಲ ಓದಿದ.

“ಮಾತ್ರೆ ಅದೇ,” ಎಂದರು ಡಾಕ್ಟರಮ್ಮ. “ನೀವು ಬೇರೆ ಏನು ಮಾಡಿದಿರಿ ಹೇಳಿ.”

“ಏನೂ ಇಲ್ಲ. ಊಟ ಆದ ಮೇಲೆ ದಿನಾ ಇವರ ಹಿಂದೆ…”

ಅಲ್ಲಿಗೆ ನಿಂತ. ನಿಧಾನವಾಗಿ ಗುರುಗಳ ಕಡೆ ತಿರುಗಿದ.

“ಬುದ್ಧಿ. ಡಬ್ಬಿ ಕೊಡಿ.”

ಗುರುಗಳು ಕೊಟ್ಟರು. ಮುಚ್ಚಳ ತೆಗೆದ. ಹುಣಸೆ ಬೀಜ.

ಮರಿಬಸಪ್ಪ ಒಂದು ಬೀಜ ಎತ್ತಿ ನಾಲಿಗೆಗೆ ಮುಟ್ಟಿಸಿದ. ಹುಣಸೆ ಬೀಜವೇ.

“ಮೂರು ತಿಂಗಳು! ಬಿಸಿಲಲ್ಲಿ! ಮುಳ್ಳಲ್ಲಿ! ಇದಕ್ಕಾ?”

ಡಾಕ್ಟರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗುರುಗಳು ಹೊಳೆ ನೋಡುತ್ತಿದ್ದರು.

“ಸರಿ. ಇನ್ನು ನನಗೆ ಆ ಮಂಟಪದಲ್ಲಿ ಏನು ಕೆಲಸ? ನಾಳೆಯಿಂದ ಹಾಯಾಗಿ ಮಲಗ್ತೀನಿ.”

ಡಾಕ್ಟರಮ್ಮನ ನಗು ನಿಂತಿತು.

“ಮಲಗಿದರೆ ಮತ್ತೆ ಏರುತ್ತೆ. ಕಣ್ಣು ಮತ್ತೆ ಮಂಜಾಗುತ್ತೆ. ಎರಡನೇ ಸಲ ತಿಳಿಯಾಗುತ್ತೋ ಇಲ್ಲವೋ, ನಾನು ಹೇಳಲಾರೆ.”

“ಗೊತ್ತಮ್ಮ. ಆದರೆ ಬೀಜದ ಹಿಂದೆ ಯಾರು ಹೋಗ್ತಾರೆ?”

ಮಾರನೆಯ ದಿನ ಊಟವಾಯಿತು. ಮರಿಬಸಪ್ಪ ಚಾಪೆ ಹಾಸಿದ, ಬಾಗಿಲಿಗೆ ಅಡ್ಡವಾಗಿ ಮಲಗಿದ, ಕಣ್ಣು ಮುಚ್ಚಿದ.

ಗುರುಗಳು ಅವನನ್ನು ದಾಟಿದರು. ಶಲ್ಯದೊಳಗೆ ಡಬ್ಬಿ ಗಲಗಲ ಎಂದಿತು.

“ಹುಣಸೆ ಬೀಜ,” ಎಂದ, ಕಣ್ಣು ತೆರೆಯದೆ.

ಗುರುಗಳು ಹೊಸಿಲ ಮೇಲೆ ನಿಂತರು. ಮರಿಬಸಪ್ಪ ಒಂದೇ ಒಂದು ಕಣ್ಣು ತೆರೆದ, ಅದೂ ಅರ್ಧ. ಗುರುಗಳ ಶಲ್ಯದ ಅಂಚಿನಲ್ಲಿ ಒಂದು ಇರುವೆ ಹರಿಯುತ್ತಿತ್ತು. ಅದರ ಹಿಂದೆ ಇನ್ನೊಂದು.

“ಬುದ್ಧಿ… ನಿನ್ನೆ ನಾನೇ ನೋಡಿದೆನಲ್ಲ? ಬೀಜ ತಾನೇ?”

ಗುರುಗಳು ಮೀಸೆ ಒರೆಸಿಕೊಂಡು ಮೆಟ್ಟಿಲಿಳಿದರು.

“ಹೂಂ, ನಿನ್ನೆ ಬೀಜವೇ. ಡಾಕ್ಟರಮ್ಮ ಬರೋ ದಿನ ಬೇರೆ ಏನನ್ನ ಇಟ್ಕೊಳ್ಳೋಕಾಗುತ್ತೆ?”